ಮಳೆ ನಿಂತರೂ ಮರದ ಹನಿ

ಆಷಾಢದ ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಅಡಿಕೆಗೆ ಬೋರ್ಡೋ ಹೊಡೆಸಲು ಸಿಗುವುದೇ ಇಂಥ ಬಿಡುವು. ಸುಣ್ಣ, ಮೈಲುತುತ್ತ ಕದಡಿದ ಡ್ರಮ್ಮಿನ ಹತ್ತಿರ ನಿಂತಿದ್ದೆ. ಅಣ್ಣನ ಮಗ ಉಣುಗೋಲು ಸರಿಸಿಕೊಂಡು ಬಂದ. ಬೆಂಗಳೂರಿನ ಕಂಪನಿಯೊಂದರ ಕೆಲಸ, ಆದರೆ ಎರಡು ವರ್ಷದಿಂದ ಊರಲ್ಲೇ ಕೂತು ಮಾಡುತ್ತಾನೆ. ಕರೆಂಟು, ನೆಟ್‌ವರ್ಕು ಎರಡೂ ಕೈಕೊಡುವ ಮಳೆಗಾಲ ಅವನ ಜೀವ ಹಿಂಡುತ್ತದೆ. ಸ್ವಲ್ಪ ಹೊತ್ತು ಮರದ ತುದಿಯನ್ನೇ ನೋಡುತ್ತ ನಿಂತವನು ಕೇಳಿದ: "ಚಿಕ್ಕಪ್ಪ, ನಮ್ಮ ಮೆದುಳೇ ಗಾಂಜಾ ತಯಾರು ಮಾಡ್ಕೊಳುತ್ತಂತಲ್ಲ, ಹೌದಾ? ಹಂಗಿದ್ಮೇಲೆ ಟೆನ್ಷನ್ ಜಾಸ್ತಿಯಾದಾಗ ಹೊರಗಿಂದ ಒಂಚೂರು ತಗೊಂಡ್ರೆ ಏನು ತಪ್ಪು?"

ಕೆಲಸದವರ ಎದುರು ಮಾತು ಬೆಳೆಸಲಿಲ್ಲ. ಸಂಜೆ ಬಾ ಅಂದೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಮಗನ ಬ್ಯಾಗಿನಲ್ಲಿ ಸಿಕ್ಕಿದ ಪೊಟ್ಟಣದ ಬಗ್ಗೆ ಬರೆದ ತಾಯಿ ಒಬ್ಬರು. ನಿದ್ದೆ ಬಾರದ್ದಕ್ಕೆ ಸಿಬಿಡಿ ಎಣ್ಣೆ ತರಿಸಬಹುದೇ ಎಂದು ಕೇಳಿದ ನಿವೃತ್ತ ಮೇಷ್ಟ್ರು ಒಬ್ಬರು. ಎದೆ ಢವಢವ ಅನ್ನುತ್ತದೆ, ಇಸಿಜಿ ಸರಿಯಾಗಿದೆ, ಹಾಗಾದರೆ ನನಗೇನಾಗಿದೆ ಎಂದು ಕೇಳುವವರಂತೂ ಲೆಕ್ಕವಿಲ್ಲ. ನಾನು ವೈದ್ಯನಲ್ಲ. ಓದಿದ್ದನ್ನು ಮತ್ತು ಮೈಮೇಲೆ ಬಂದದ್ದನ್ನು ಹೇಳಬಲ್ಲೆ.

ಮೈಮೇಲೆ ಬಂದದ್ದನ್ನೇ ಮೊದಲು ಹೇಳುತ್ತೇನೆ. 2019ರ ಆಗಸ್ಟ್ 9ನ್ನು ಮೂಡಿಗೆರೆ, ಕಳಸದ ಕಡೆಯ ಜನ ಮರೆಯುವುದಿಲ್ಲ. ಮಲೆಮನೆ, ಮಧುಗುಂಡಿ, ಅಲೇಖಾನ್ ಹೊರಟ್ಟಿ ಎಂಬ ಹೆಸರುಗಳು ನಾಡಿನ ಪತ್ರಿಕೆಗಳಿಗೆ ಗೊತ್ತಾದದ್ದು ಆವಾಗಲೇ. ಗುಡ್ಡಗಳು ಜಾರಿ ಮನೆ, ಗದ್ದೆ, ತೋಟ ಮಣ್ಣಿನಡಿ ಹೋದವು. ನಮ್ಮ ಕಡೆ ಯಾರ ಜೀವಕ್ಕೂ ತೊಂದರೆಯಾಗಲಿಲ್ಲ. ಆದರೆ ಮನೆಯ ಹಿಂದಿನ ಧರೆಯಾಚೆ, ಪಕ್ಕದವರ ತೋಟ ಜಾರಿದ್ದನ್ನು ಕಿವಿಯಾರೆ ಕೇಳಿದ್ದೇನೆ. ನೆಲದೊಳಗೆ ಲಾರಿ ಓಡಿದ ಹಾಗೆ ಒಂದು ಗುಡುಗುಡು, ಆಮೇಲೆ ಹಸಿ ಮಣ್ಣಿನ ದಟ್ಟ ವಾಸನೆ. ಬೆಳಕು ಹರಿದ ಮೇಲೆ ನೋಡಿದರೆ ಸಿಲ್ವರ್ ಮರಗಳು ನೆಟ್ಟಗೆ ನಿಂತ ಹಾಗೇ ಕೆಳಗಿನ ಹಳ್ಳಕ್ಕೆ ಬಂದು ನಿಂತಿದ್ದವು. ಮೆಣಸಿನ ಬಳ್ಳಿ ಕೂಡ ಕಳಚಿರಲಿಲ್ಲ.

ಮಳೆಯ ಸದ್ದನ್ನೇ ಜೋಗುಳ ಮಾಡಿಕೊಂಡು ಬೆಳೆದವನು ನಾನು. ಆ ವರ್ಷದಿಂದ ಮಳೆ ಜೋರಾದರೆ ಎದ್ದು ಕೂರುತ್ತಿದ್ದೆ. ರಾತ್ರಿ ಮೂರು ಸಲ, ನಾಲ್ಕು ಸಲ ಟಾರ್ಚ್ ಹಿಡಿದು ಧರೆ ನೋಡಿ ಬರುತ್ತಿದ್ದೆ. ಮಳೆಗಾಲದಲ್ಲಿ ಇದು ಬುದ್ಧಿವಂತಿಕೆಯೇ ಅನ್ನಿ. ಮುಂದಿನ ಜನವರಿಯಲ್ಲಿ ಆದದ್ದು ಮಾತ್ರ ಬೇರೆ. ಕೊಯ್ಲಿನ ಸಮಯ, ಕಣದಲ್ಲಿ ಸುಡುವ ಬಿಸಿಲು, ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ನಮ್ಮ ತೋಟದ ರೈಟರು ಒಣಗಿದ ಕಾಫಿ ಚೆರ್ರಿಯ ಗೋಣಿಯೊಂದನ್ನು ತಗಡಿನ ಮೇಲೆ ಸುರಿದರು. ತಗಡಿನ ಮಾಡಿನ ಮೇಲೆ ಮಳೆ ಅಪ್ಪಳಿಸಿದ ಹಾಗೇ ಸದ್ದು. ನನ್ನ ಎರಡೂ ಅಂಗೈ ಬೆವತವು, ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತು, ಮಂಡಿ ಸಡಿಲವಾಯಿತು. ಇದು ಕಾಫಿಯ ಸದ್ದು ಅಂತ ತಲೆಗೆ ಗೊತ್ತಿತ್ತು. ಮೈಗೆ ಗೊತ್ತಿರಲಿಲ್ಲ.

ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಮಾತಿದೆ. ನೆರಳಿನ ಮರಗಳಿರುವ ತೋಟದಲ್ಲಿ ನಡೆದವರಿಗೆ ಇದು ಗಾದೆಯಲ್ಲ, ದಿನದ ಅನುಭವ. ಮಳೆ ಬಿಟ್ಟು ಗಂಟೆಯಾದರೂ ಮರದಡಿ ಕಂಬಳಿ ಕೊಪ್ಪೆ ತೆಗೆಯುವ ಹಾಗಿಲ್ಲ. ಭಯ ಮತ್ತು ಆತಂಕದ ನಡುವಿನ ವ್ಯತ್ಯಾಸವೂ ಇಷ್ಟೇ ಎಂದು ನನಗೆ ತೋರುತ್ತದೆ. ಕಾಫಿ ಗಿಡದ ಸಂದಿಯಲ್ಲಿ ಒಂಟಿಸಲಗ ಎದುರಾದಾಗ ಹುಟ್ಟುವುದು ಭಯ. ಅದಿಲ್ಲದಿದ್ದರೆ ನಾವು ಬದುಕುವುದೇ ಇಲ್ಲ. ಸಲಗ ಹಳ್ಳ ದಾಟಿ ಹೋಗಿ ಆರು ತಿಂಗಳಾದ ಮೇಲೂ ಒಣ ಕಡ್ಡಿ ಮುರಿದ ಸದ್ದಿಗೆ ಕಾಲು ಕೀಳಲಾಗದೆ ನಿಂತುಬಿಡುವುದು ಆತಂಕ. ಮಳೆ ಬರಲೇಬೇಕು. ಪ್ರಶ್ನೆ ಇರುವುದು ಹನಿ ಯಾವಾಗ ನಿಲ್ಲುತ್ತದೆ ಎಂಬುದರಲ್ಲಿ. ಅಣ್ಣನ ಮಗ ಕೇಳಿದ 'ಮೆದುಳಿನ ಗಾಂಜಾ'ದ ಕೆಲಸ ಬಹುಪಾಲು ಈ ಹನಿ ನಿಲ್ಲಿಸುವುದೇ.

ಕಿವಿಯ ಮಟ್ಟದಲ್ಲಿ, ಮೆದುಳಿನ ಒಳಭಾಗದಲ್ಲಿ, ಎರಡೂ ಬದಿಗೆ ಬಾದಾಮಿಯಷ್ಟು ದೊಡ್ಡ ಒಂದೊಂದು ಭಾಗವಿದೆ. ಹೆಸರು ಅಮಿಗ್ಡಲಾ. ಅಪಾಯದ ಗಂಟೆ ಬಾರಿಸುವ ಜಾಗ ಅದು. ಅಲ್ಲಿನ ನರಕೋಶಗಳು ಒಂದರಿಂದ ಒಂದಕ್ಕೆ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹರಿಸಿ ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಮುಟ್ಟಿದ ಮೇಲೂ ಹರಿವು ನಿಲ್ಲದಿದ್ದರೆ? ನಮ್ಮ ಕಡೆಯ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಮೇಲಿನ ಗದ್ದೆಯ ಬದುವಿನಲ್ಲಿ ಕಂಡಿ ಬಿಡಿಸಿದರೆ ನೀರು ಕೆಳಗಿನ ಗದ್ದೆಗೆ ಇಳಿಯುತ್ತದೆ. ಗದ್ದೆ ತುಂಬಿದ್ದು ಕೆಳಗೆ ನಿಂತವನಿಗೆ ಕಾಣುತ್ತದೆ, ಮೇಲಿನವನಿಗೆ ಕಾಣುವುದಿಲ್ಲ. "ಸಾಕೋ, ಕಂಡಿ ಕಟ್ಟೋ" ಎಂದು ಕೆಳಗಿನವನೇ ಕೂಗು ಹಾಕಬೇಕು. ನೀರು ಇಳಿಯುತ್ತದೆ, ಕೂಗು ಏರುತ್ತದೆ. ಮೆದುಳಿನಲ್ಲೂ ಹೀಗೇ. ಸುದ್ದಿ ಪಡೆದ ನರಕೋಶ ಅತಿಯಾಗಿ ಉದ್ರಿಕ್ತವಾದಾಗ ತನ್ನದೇ ಪೊರೆಯ ಕೊಬ್ಬಿನಿಂದ ಆ ಗಳಿಗೆಯಲ್ಲೇ ಒಂದು ಪದಾರ್ಥ ತಯಾರಿಸಿ ಹಿಂದಕ್ಕೆ ಕಳಿಸುತ್ತದೆ. ಅದು ಸುದ್ದಿ ಕಳಿಸಿದ ಕೋಶದ ತುದಿಯಲ್ಲಿರುವ ಸಿಬಿ-1 ಎಂಬ ಗ್ರಾಹಕದ ಮೇಲೆ ಕೂತ ಕೂಡಲೇ ಕಂಡಿ ಮುಚ್ಚುತ್ತದೆ. ಈ ಹಿಮ್ಮುಖದ ಕೂಗನ್ನು ಅಮೆರಿಕ ಮತ್ತು ಜಪಾನಿನ ತಂಡಗಳು 2001ರಲ್ಲಿ ಬೇರೆ ಬೇರೆಯಾಗಿ, ಹೆಚ್ಚುಕಡಿಮೆ ಒಟ್ಟಿಗೇ ಕಂಡುಹಿಡಿದವು.

ಕೂಗು ಹಾಕುವ ಪದಾರ್ಥಗಳಿಗೆ ಎಂಡೋಕ್ಯಾನಬಿನಾಯ್ಡ್ ಎಂದು ಹೆಸರು. ಒಳಗೇ ಹುಟ್ಟುವ, ಭಂಗಿಯ ಅಂಶವನ್ನು ಹೋಲುವ ವಸ್ತು ಎಂದರ್ಥ. ಕಥೆ ಶುರುವಾದದ್ದು ಗಿಡದಿಂದಲೇ. ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿಯನ್ನು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆಯನ್ನು 1964ರಲ್ಲಿ ಹೇಳಿದವರು ಇಸ್ರೇಲಿನ ರಾಫೇಲ್ ಮೆಕೌಲಂ ಮತ್ತು ಯೆಹಿಯೇಲ್ ಗಾವೊನಿ. ಅದು ಮೆದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂಬುದಕ್ಕೆ ಅಮೆರಿಕದ ಆ್ಯಲಿನ್ ಹೌಲೆಟ್ ಅವರ ಪ್ರಯೋಗಾಲಯ 1988ರಲ್ಲಿ ಉತ್ತರ ಕೊಟ್ಟಿತು. ಒಂದು ಗಿಡದ ರಸಕ್ಕಾಗಿ ಮೆದುಳು ಬೀಗ ಮಾಡಿಟ್ಟುಕೊಂಡಿರಲು ಸಾಧ್ಯವಿಲ್ಲ, ಬೀಗವಿದ್ದ ಮೇಲೆ ಮನೆಯ ಸ್ವಂತದ ಕೀ ಇರಲೇಬೇಕು ಎಂದು ಹುಡುಕಾಟ ನಡೆಯಿತು. 1992ರಲ್ಲಿ ಮೆಕೌಲಂ ಅವರ ತಂಡದ ವಿಲಿಯಂ ಡಿವೇನ್, ಲುಮಿರ್ ಹನುಷ್ ಮೊದಲಾದವರು ಹಂದಿಯ ಮೆದುಳಿನಿಂದ ಆ ಕೀಯನ್ನು ಹೊರತೆಗೆದರು. ಅದಕ್ಕೆ ಇಟ್ಟ ಹೆಸರು ಆನಂದಮೈಡ್. ಹೌದು, ನಮ್ಮ ಆನಂದವೇ. ಜೆರುಸಲೇಮಿನ ರಸಾಯನಶಾಸ್ತ್ರಜ್ಞರು ಸಂಸ್ಕೃತದ ಪದವನ್ನು ಹುಡುಕಿಕೊಂಡು ಬಂದರು ಎಂದು ಓದಿದ ದಿನ ನನಗಾದ ಖುಷಿಯನ್ನು ಬಚ್ಚಿಡುವುದಿಲ್ಲ. ಮೂರು ವರ್ಷದ ನಂತರ 2-ಎಜಿ ಎಂಬ ಇನ್ನೊಂದು ಕೀ ಸಿಕ್ಕಿತು. ಮೆದುಳಿನಲ್ಲಿ ಪ್ರಮಾಣದ ಲೆಕ್ಕದಲ್ಲಿ ಅದೇ ಹೆಚ್ಚು.

ಹೆಸರು ಚೆಂದವಿದೆ ಎಂದು ಇದನ್ನು ಆನಂದ ಕೊಡುವ ರಸ ಎಂದುಕೊಂಡರೆ ತಪ್ಪಾಗುತ್ತದೆ. ಅದರ ಕೆಲಸ ಸಂತೋಷ ತರಿಸುವುದಕ್ಕಿಂತ ಹೆಚ್ಚಾಗಿ ಗಲಾಟೆ ಇಳಿಸುವುದು. ಇದನ್ನು ನನಗೆ ಸ್ಪಷ್ಟ ಮಾಡಿದ್ದು 2002ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ಇಲಿಗಳ ಪ್ರಯೋಗ. ಒಂದು ಸ್ವರ ಕೇಳಿಸಿ ಹಿಂದೆಯೇ ಸಣ್ಣ ಶಾಕ್ ಕೊಟ್ಟರೆ, ಇಲಿ ಆಮೇಲೆ ಬರೀ ಸ್ವರಕ್ಕೇ ಕಲ್ಲಾಗಿ ಕೂರುತ್ತದೆ. ಶಾಕ್ ಇಲ್ಲದೆ ಸ್ವರವನ್ನಷ್ಟೇ ಮತ್ತೆ ಮತ್ತೆ ಕೇಳಿಸುತ್ತ ಹೋದರೆ ಮಾಮೂಲಿ ಇಲಿ ನಿಧಾನವಾಗಿ ಸುಧಾರಿಸಿಕೊಳ್ಳುತ್ತದೆ. ಸಿಬಿ-1 ಗ್ರಾಹಕವೇ ಇಲ್ಲದಂತೆ ಹುಟ್ಟಿಸಿದ ಇಲಿಗಳು ಹೆದರುವುದನ್ನು ಮಾಮೂಲಿಯಾಗಿಯೇ ಕಲಿತವು. ಹೆದರಿಕೆ ಬಿಡುವುದು ಮಾತ್ರ ಅವಕ್ಕೆ ಬರಲಿಲ್ಲ. ಸ್ವರ ಕೇಳಿಸಿದಾಗೆಲ್ಲ ಅಮಿಗ್ಡಲಾದಲ್ಲಿ ಆನಂದಮೈಡ್ ಮತ್ತು 2-ಎಜಿ ಏರುವುದನ್ನೂ ಅದೇ ತಂಡ ಅಳೆದು ತೋರಿಸಿತು. ಕಣದಲ್ಲಿ ಗೋಣಿ ಸುರಿದ ಸದ್ದಿಗೆ ಬೆವತ ನನ್ನ ಅಂಗೈ ಆ ಇಲಿಗಳ ವಿಷಯ ಓದುವಾಗ ನೆನಪಾಯಿತು.

ಹನಿ ನಿಲ್ಲಿಸುವ ಶಕ್ತಿ ಎಲ್ಲರಲ್ಲೂ ಒಂದೇ ಸಮ ಇಲ್ಲ. ಆನಂದಮೈಡ್ ತನ್ನ ಕೆಲಸ ಮುಗಿಸಿದ ಕೂಡಲೇ ಅದನ್ನು ಒಡೆದುಹಾಕಲು ಫಾ ಎಂಬ ಕಿಣ್ವವಿದೆ. ಕೆಲವರಿಗೆ ಹುಟ್ಟಿನಿಂದಲೇ ಈ ಕಿಣ್ವದ ಚುರುಕು ಕಡಿಮೆ, ಹಾಗಾಗಿ ಆನಂದಮೈಡ್ ಅವರಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಆ ಬಗೆಯ ಜೀನ್ ಇರುವವರು ಹೆದರಿಕೆಯಿಂದ ಬೇಗ ಹೊರಬರುತ್ತಾರೆ ಎಂದು ಮನುಷ್ಯರಲ್ಲೂ, ಅದೇ ಬದಲಾವಣೆ ಮಾಡಿದ ಇಲಿಗಳಲ್ಲೂ 2015ರಲ್ಲಿ ತೋರಿಸಲಾಯಿತು. ಸ್ಕಾಟ್ಲೆಂಡಿನ ಒಬ್ಬ ಹೆಂಗಸಿನ ವಿವರ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಜೀವಮಾನದಲ್ಲಿ ಹೆಚ್ಚುಕಡಿಮೆ ನೋವೇ ಗೊತ್ತಿಲ್ಲ, ಆತಂಕವೂ ಗೊತ್ತಿಲ್ಲ. ಪರೀಕ್ಷಿಸಿದರೆ ಫಾ ಜೀನಿನ ಪಕ್ಕದಲ್ಲೇ ಒಂದು ತುಂಡು ಇರಲಿಲ್ಲ, ರಕ್ತದಲ್ಲಿ ಆನಂದಮೈಡ್ ಹೆಚ್ಚಿತ್ತು. ಕೇಳಲು ವರದ ಹಾಗಿದೆ. ಆದರೆ ಕೈ ಸುಟ್ಟದ್ದು ಚರ್ಮದ ವಾಸನೆ ಬಂದ ಮೇಲೆ ತಿಳಿಯುವ ಬದುಕು ಆಕೆಯದು. ಇತ್ತ ನಮ್ಮಂಥವರ ಕಥೆ ತಿರುಗುಮುರುಗು. ಬಹಳ ದಿನ ಒತ್ತಡದಲ್ಲಿದ್ದರೆ ಫಾ ಚುರುಕಾಗುತ್ತದೆ, ಅಮಿಗ್ಡಲಾದಲ್ಲಿ ಆನಂದಮೈಡ್ ಕುಸಿಯುತ್ತದೆ ಎಂದು ಪ್ರಾಣಿಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ಕೂಗು ಹಾಕುವವನ ಗಂಟಲೇ ಕಟ್ಟಿಹೋದ ಸ್ಥಿತಿ ಅದು. ಧೈರ್ಯವಿಲ್ಲದವನು, ಪುಕ್ಕಲ ಎಂದು ಮನೆಯವರನ್ನು ಬೈಯುವವರು ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಈ ವ್ಯವಸ್ಥೆಯನ್ನು ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಮನುಷ್ಯರ ಮೇಲೇ ಒಂದು ದೊಡ್ಡ ಪಾಠವಾಗಿದೆ. ರಿಮೊನಬಂಟ್ ಎಂಬ ಮಾತ್ರೆ ಬೊಜ್ಜು ಇಳಿಸಲು ಯೂರೋಪಿನಲ್ಲಿ 2006ರಲ್ಲಿ ಮಾರುಕಟ್ಟೆಗೆ ಬಂತು. ಸಿಬಿ-1ಕ್ಕೆ ಅಡ್ಡ ಕೂತು ಹಸಿವು ತಗ್ಗಿಸುವುದು ಅದರ ಕೆಲಸ. ತೂಕ ಇಳಿಯಿತು. ಜೊತೆಗೆ ತಗೊಂಡವರಲ್ಲಿ ಆತಂಕ, ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಹೆಚ್ಚಿದವು. 2008ರ ಅಕ್ಟೋಬರಿನಲ್ಲಿ ಅಲ್ಲಿ ಮಾರಾಟ ನಿಲ್ಲಿಸಿದರು, 2009ರ ಡಿಸೆಂಬರಿನಲ್ಲಿ ಭಾರತವೂ ನಿಷೇಧಿಸಿತು. ನಾವು ದಿನವೂ ನೆಮ್ಮದಿಯಾಗಿ ಇರುವುದರ ಹಿಂದೆ ಈ ಸಣ್ಣ ಕೂಗು ಎಷ್ಟು ದುಡಿಯುತ್ತಿದೆ ಎಂಬುದು ಅದನ್ನು ಅಡಗಿಸಿದಾಗ ಗೊತ್ತಾಯಿತು.

ಹಾಗಾದರೆ ಕೂಗನ್ನು ಜೋರು ಮಾಡೋಣ, ಭಂಗಿ ಸೇದೋಣ ಎಂಬಲ್ಲಿಗೆ ಅಣ್ಣನ ಮಗನ ವಾದ ಬಂದು ನಿಲ್ಲುತ್ತದೆ. ಸಂಜೆ ಜಗಲಿಯಲ್ಲಿ ಅವನಿಗೆ ಹೇಳಿದ್ದು ಇದು. ಮೆದುಳಿನ ಕೂಗು ಬೇಕಾದ ಗದ್ದೆಯಲ್ಲಿ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಎದ್ದು ಕ್ಷಣದಲ್ಲಿ ಅಡಗುತ್ತದೆ. ಹೊರಗಿನಿಂದ ಹೋದ ಟಿಎಚ್‌ಸಿ ಇಡೀ ಬಯಲಿನ ಕಂಡಿಗಳನ್ನೆಲ್ಲ ಒಟ್ಟಿಗೇ ಮುಚ್ಚುತ್ತದೆ, ಗಂಟೆಗಟ್ಟಲೆ ಬಿಡುವುದಿಲ್ಲ. ಅದರಲ್ಲೂ ಒಂದು ತೊಡಕಿದೆ. ಸಿಬಿ-1 ಇರುವುದು ಉದ್ರೇಕಿಸುವ ಗ್ಲುಟಮೇಟ್ ಕೋಶಗಳಲ್ಲಿ ಮಾತ್ರವಲ್ಲ, ಶಾಂತಗೊಳಿಸುವ ಗಾಬಾ ಕೋಶಗಳಲ್ಲೂ ಇದೆ, ಅಲ್ಲೇ ಹೆಚ್ಚು. ಇಲಿಗಳಲ್ಲಿ ನೋಡಿದಂತೆ, ಅಂಶ ಕಡಿಮೆ ಇದ್ದಾಗ ಗ್ಲುಟಮೇಟ್ ತಗ್ಗಿ ಹೆದರಿಕೆ ಇಳಿಯುತ್ತದೆ. ಪ್ರಮಾಣ ಏರಿದಾಗ ಗಾಬಾವೂ ಬಾಯಿ ಮುಚ್ಚುತ್ತದೆ. ಬ್ರೇಕನ್ನೇ ಹಿಡಿದು ನಿಲ್ಲಿಸಿದ ಹಾಗೆ. ಸಮಾಧಾನಕ್ಕೆಂದು ಸೇದಿದವರು ಪ್ರಾಣವೇ ಹೋಗುತ್ತಿದೆ ಎಂದು ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿಬರುವುದು ಇದರಿಂದ. ಪೊಟ್ಟಣದಲ್ಲಿ ಎಷ್ಟು ಟಿಎಚ್‌ಸಿ ಇದೆ ಎಂದು ಮಾರುವವನಿಗೂ ಗೊತ್ತಿಲ್ಲ, ಸೇದುವವನಿಗೂ ಗೊತ್ತಿಲ್ಲ.

ದಿನವೂ ಸೇದುವವರ ಮೆದುಳು ಈ ನೆರೆಯಿಂದ ತಪ್ಪಿಸಿಕೊಳ್ಳಲು ಸಿಬಿ-1 ಗ್ರಾಹಕಗಳನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆಗ ಸ್ವಂತದ ಆನಂದಮೈಡ್‌ಗೂ ಕೂರಲು ಜಾಗವಿಲ್ಲ. ಬಿಟ್ಟ ದಿನ ಆತಂಕ ಮೊದಲಿಗಿಂತ ಇಮ್ಮಡಿಯಾಗಿ ಬರುತ್ತದೆ, "ನೋಡಿದ್ರಾ, ಸೇದಿದ್ರೇನೇ ನಂಗೆ ಸರಿ" ಎಂಬ ತೀರ್ಮಾನಕ್ಕೆ ಹುಡುಗ ಬರುತ್ತಾನೆ. ಭರವಸೆಯ ಸಂಗತಿಯೆಂದರೆ, ಬಿಟ್ಟು ಸುಮಾರು ನಾಲ್ಕು ವಾರವಾದರೆ ಗ್ರಾಹಕಗಳು ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಬರುತ್ತವೆ ಎಂದು ಮೆದುಳಿನ ಸ್ಕ್ಯಾನ್‌ಗಳಲ್ಲಿ ಕಂಡಿದೆ. ಇಪ್ಪತ್ತರ ಒಳಗಿನ ಮಕ್ಕಳ ವಿಷಯದಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಬೆಳೆಯುತ್ತಿರುವ ಮೆದುಳಿನ ಜೋಡಣೆಯಲ್ಲೇ ಈ ವ್ಯವಸ್ಥೆಗೆ ಪಾತ್ರವಿದೆ, ಆ ವಯಸ್ಸಿನಲ್ಲಿ ಹೆಚ್ಚು ಸೇದಿದವರಲ್ಲಿ ಚಿತ್ತವಿಕಲತೆಯ ಅಪಾಯ ಹೆಚ್ಚು. ಕಾನೂನಿನ ಮಾತೂ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಒಂದು ಕಿಲೋ ಒಳಗಿನ ಗಾಂಜಾ ಇಟ್ಟುಕೊಂಡರೂ ಒಂದು ವರ್ಷದವರೆಗೆ ಸಜೆಯಾಗಬಹುದು, ತೋಟದ ಮಧ್ಯೆ ಗಿಡ ಬೆಳೆಸಿದರೆ ಅದು 10 ವರ್ಷದವರೆಗೂ ಹೋಗಬಹುದು.

ಮೇಷ್ಟ್ರ ಸಿಬಿಡಿ ಎಣ್ಣೆಗೆ ಎರಡು ಮಾತು. ಸಿಬಿಡಿ ಅದೇ ಗಿಡದ ಅಮಲಿಲ್ಲದ ಅಂಶ. ಬ್ರೆಜಿಲ್‌ನಲ್ಲಿ ಆರೋಗ್ಯವಂತರನ್ನು ಸಭೆಯ ಮುಂದೆ ಮಾತಾಡಿಸಿ ನಡೆಸಿದ ಪರೀಕ್ಷೆಗಳಲ್ಲಿ 300 ಮಿಲಿಗ್ರಾಂ ತಗೊಂಡವರ ಆತಂಕ ಇಳಿಯಿತು, 100, 150ರಲ್ಲಿ ಇಳಿಯಲಿಲ್ಲ, 600, 900ರಲ್ಲೂ ಇಳಿಯಲಿಲ್ಲ. ನಾಲಿಗೆಯ ಕೆಳಗೆ ಹಾಕಿಕೊಳ್ಳುವ ನಾಲ್ಕು ಹನಿಯಲ್ಲಿ ಅಷ್ಟಿರುವುದಿಲ್ಲ. ಬೇರೆ ಮಾತ್ರೆಗಳ ಜೊತೆ ಅದು ಜಗಳವಾಡುವುದೂ ಉಂಟು. ವೈದ್ಯರನ್ನು ಕೇಳದೆ ತರಿಸಬೇಡಿ.

ಕೂಗುವವನಿಗೆ ಹೊರಗಿನಿಂದ ಧ್ವನಿವರ್ಧಕ ಕೊಡುವ ಬದಲು ಅವನ ಗಂಟಲು ಕಟ್ಟದ ಹಾಗೆ ನೋಡಿಕೊಳ್ಳುವ ಔಷಧವನ್ನೂ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಫಾ ಕಿಣ್ವವನ್ನು ತಡೆದರೆ ಆನಂದಮೈಡ್ ತಾನಾಗಿಯೇ ಉಳಿಯುತ್ತದಲ್ಲ. ಸ್ವೀಡನ್‌ನಲ್ಲಿ ಇಂಥ ಔಷಧ ಕೊಟ್ಟ ಆರೋಗ್ಯವಂತರು ಕಲಿತ ಹೆದರಿಕೆಯನ್ನು ಚೆನ್ನಾಗಿ ಬಿಟ್ಟರು ಎಂದು 2020ರಲ್ಲಿ ವರದಿಯಾಯಿತು. ಆದರೆ ಅದಕ್ಕೂ ಮೊದಲು, 2016ರ ಜನವರಿಯಲ್ಲಿ, ಫ್ರಾನ್ಸಿನ ರೆನ್ ನಗರದಲ್ಲಿ ಇದೇ ಬಗೆಯ ಇನ್ನೊಂದು ಔಷಧದ ಪರೀಕ್ಷೆಯಲ್ಲಿ ಸ್ವಯಂಸೇವಕನೊಬ್ಬ ತೀರಿಕೊಂಡ, ಇನ್ನೂ ಐದು ಮಂದಿ ಆಸ್ಪತ್ರೆ ಸೇರಿದರು. ಆ ಔಷಧ ಮೆದುಳಿನ ಬೇರೆ ಕಿಣ್ವಗಳ ಮೇಲೂ ಕೈಹಾಕಿತ್ತು ಎಂಬುದು ಆಮೇಲಿನ ಅಧ್ಯಯನಗಳ ಅಭಿಪ್ರಾಯ. ಅಂಗಡಿಯಲ್ಲಿ ಸಿಗುವ ಮಾತ್ರೆಯಾಗಿ ಇದು ಇನ್ನೂ ಬಂದಿಲ್ಲ.

ಈಗಾಗಲೇ ನಮ್ಮ ಬಳಿ ಇರುವ ಮದ್ದು ಕಾಲು. ಕುದುರೆಮುಖದ ತಪ್ಪಲಿನಲ್ಲಿ ಕೂತು ಇದನ್ನು ಬರೆಯಲು ನನಗೆ ತುಂಬ ಇಷ್ಟ. ಓಡಿದಾಗ ಬರುವ ಹಿತಕ್ಕೆ ಎಂಡಾರ್ಫಿನ್ ಕಾರಣ ಎಂದು ದಶಕಗಳ ಕಾಲ ನಂಬಿದ್ದರು. 2021ರಲ್ಲಿ ಜರ್ಮನಿಯ ತಂಡವೊಂದು 63 ಜನರನ್ನು 45 ನಿಮಿಷ ಓಡಿಸಿತು. ಎಂಡಾರ್ಫಿನ್ ಕೆಲಸ ಮಾಡದಂತೆ ಮಾತ್ರೆ ಕೊಟ್ಟಾಗಲೂ ಹಿತ ಬಂತು, ಆತಂಕ ಇಳಿಯಿತು, ರಕ್ತದಲ್ಲಿ ಎಂಡೋಕ್ಯಾನಬಿನಾಯ್ಡ್ ಏರಿತ್ತು. ಇನ್ನೊಂದು ಅಧ್ಯಯನದಲ್ಲಿ ಮನುಷ್ಯ, ನಾಯಿ, ಮುಂಗುಸಿಯಂಥ ಫೆರೆಟ್ ಮೂವರನ್ನೂ ಓಡಿಸಿ ನೋಡಿದರು. ಮನುಷ್ಯನಲ್ಲೂ ನಾಯಿಯಲ್ಲೂ ಆನಂದಮೈಡ್ ಏರಿತು, ದೂರ ಓಡುವ ಜಾತಿಯಲ್ಲದ ಫೆರೆಟ್‌ನಲ್ಲಿ ಏರಲಿಲ್ಲ. ಆರಾಮದ ನಡಿಗೆಗೆ ಏರುವುದಿಲ್ಲ, ಜೀವ ಹೋಗುವ ಓಟಕ್ಕೂ ಅಷ್ಟಿಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಂಥ ಏದುಸಿರಿನ ಹದ. ಇವೆಲ್ಲ ರಕ್ತದಲ್ಲಿ ಅಳೆದ ಲೆಕ್ಕ, ಮೆದುಳಿನೊಳಗೆ ಕೈಯಿಟ್ಟು ಅಳೆದದ್ದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ತೋಟದ ಏರಿನಲ್ಲಿ ಅರ್ಧ ಗಂಟೆ ಬಿರುಸಾಗಿ ಹತ್ತಿದರೆ ಆ ಹದ ತಾನಾಗಿ ಬರುತ್ತದೆ.

ಕಾಫಿ ಬೆಳೆಯುವವನಾಗಿ ಇದನ್ನೂ ಮುಚ್ಚಿಡಬಾರದು. ಫಿನ್ಲೆಂಡಿನ 47 ಕಾಫಿಪ್ರಿಯರನ್ನು ಒಂದು ತಿಂಗಳು ಕಾಫಿ ಬಿಡಿಸಿ, ಮುಂದಿನ ತಿಂಗಳು ದಿನಕ್ಕೆ ನಾಲ್ಕು ಕಪ್, ಅದರ ಮುಂದಿನ ತಿಂಗಳು ಎಂಟು ಕಪ್ ಕುಡಿಸಿ ರಕ್ತ ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎಂಟು ಕಪ್‌ನ ತಿಂಗಳಲ್ಲಿ ಎಂಡೋಕ್ಯಾನಬಿನಾಯ್ಡ್ ಗುಂಪಿನ ಅಂಶಗಳು ಇಳಿದಿದ್ದವು. ಇದರಿಂದ ಕಾಫಿಯೇ ಆತಂಕ ತರುತ್ತದೆ ಎಂದು ಹೇಳಲು ಬರುವುದಿಲ್ಲ. ಆದರೆ ಗಾಬರಿಯ ದಾಳಿಗಳಾಗುವವರಿಗೆ ಕೆಫೀನ್ ಹೆಚ್ಚಾದರೆ ದಾಳಿ ಬರುವುದು ಬೇರೆ ಪರೀಕ್ಷೆಗಳಲ್ಲಿ ಚೆನ್ನಾಗಿ ಗೊತ್ತಾಗಿರುವ ವಿಷಯ. ನಾನು ದಿನಕ್ಕೆ ಆರು ಲೋಟದಿಂದ ಎರಡಕ್ಕೆ ಬಂದಿದ್ದೇನೆ, ಸಂಜೆ ನಾಲ್ಕರ ಮೇಲೆ ಮುಟ್ಟುವುದಿಲ್ಲ.

ಇಷ್ಟೆಲ್ಲ ಹೇಳಿ ಮೆದುಳಿನ ರಸಾಯನವೇ ಎಲ್ಲ ಎಂದು ಬಿಟ್ಟರೆ ನಮ್ಮ ಜನಕ್ಕೆ ಅನ್ಯಾಯ ಮಾಡಿದಂತೆ. ಹನಿ ನಿಲ್ಲುವುದು ಮಳೆ ನಿಂತ ಮೇಲೆ ತಾನೆ? ಇಲ್ಲಿ ಎಷ್ಟೋ ಜನರ ಪಾಲಿಗೆ ಮಳೆಯೇ ನಿಂತಿಲ್ಲ. 2002ರ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಡಿಸೆಂಬರ್ 31ರಂದು ಕುದುರೆಮುಖದ ಗಣಿ ನಿಲ್ಲುವವರೆಗೆ, ಮುಂದೇನು ಎಂದು ಮೂರು ವರ್ಷ ಕಾದ ಮನೆಗಳಿದ್ದವು. ಕಾಡು ಉಳಿಯಬೇಕಿತ್ತು, ಉಳಿಯಿತು, ಅದು ಸರಿಯೇ. ಕಾದವರ ನಿದ್ದೆಗೆ ಮಾತ್ರ ಯಾರೂ ಲೆಕ್ಕ ಇಡಲಿಲ್ಲ. ರಾಷ್ಟ್ರೀಯ ಉದ್ಯಾನದೊಳಗಿನ ಕುಟುಂಬಗಳಿಗೆ ಇಂದಿಗೂ ಇರುವುದೋ ಬಿಡುವುದೋ ಎಂಬ ಪ್ರಶ್ನೆ. ಸಾಗುವಳಿ ಸಕ್ರಮಕ್ಕೆ ಫಾರಂ 57 ಹಾಕಿ ಕಾದವರಿಗೆ ಜಮೀನು ನಮ್ಮದೋ ಅರಣ್ಯದ್ದೋ ಎಂಬ ಪ್ರಶ್ನೆ. ಹೆಬ್ಬಾಳೆ ಸೇತುವೆ ಮುಳುಗಿದ ದಿನ ಭದ್ರಾ ಹೊಳೆಯಾಚೆ ಬಾಣಂತಿ ಇದ್ದರೆ ಆ ಮನೆಯ ಆತಂಕ ಯಾವ ಕಿಣ್ವದ ತಪ್ಪೂ ಅಲ್ಲ. 2022ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರು ಕಡೆ ಕಾಡಾನೆ ದಾಳಿಗೆ ಹೆಂಗಸೊಬ್ಬರು ಬಲಿಯಾದ ಮೇಲೆ ಆನೆ ಕಾರ್ಯಪಡೆ ರಚನೆಯಾಯಿತು. ಆನೆ ಎಲ್ಲಿದೆ ಎಂಬ ಸುದ್ದಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲೇ ಲೈನ್ ಮನೆಗಳಿಗೆ ಮುಟ್ಟುವುದು ಕೂಡ ಆತಂಕಕ್ಕೆ ಮದ್ದೇ. ಇಂದು ಈ ದಾರಿ ಸುರಕ್ಷಿತ ಎಂದು ಗೊತ್ತಾದರೆ ಮಾತ್ರ ಮೈ ಹೆದರಿಕೆ ಬಿಡುವುದನ್ನು ಕಲಿಯಲು ಸಾಧ್ಯ.

ನನ್ನ ಮೈ ಅದನ್ನು ಕಲಿತ ಬಗೆ ಹೇಳುತ್ತೇನೆ. ಎರಡನೇ ಮಳೆಗಾಲವೂ ನಿದ್ದೆಯಿಲ್ಲದೆ ಕಳೆದ ಮೇಲೆ ಮಗಳು ಬಲವಂತವಾಗಿ ಮನೋವೈದ್ಯೆಯೊಬ್ಬರ ಹತ್ತಿರ ಕರೆದುಕೊಂಡು ಹೋದಳು. ಅವರು ಆರು ತಿಂಗಳಿಗೆ ಒಂದು ಮಾತ್ರೆ ಬರೆದುಕೊಟ್ಟರು, ಜೊತೆಗೆ ಒಂದು ಕೆಲಸ ಹೇಳಿದರು. ಮೊದಲು ಹಗಲಿನಲ್ಲಿ, ಸಣ್ಣ ಮಳೆಗೆ, ಜಗಲಿಯ ತಗಡಿನ ಮಾಡಿನ ಕೆಳಗೆ ಹತ್ತು ನಿಮಿಷ ಸುಮ್ಮನೆ ಕೂರಬೇಕು. ಎದ್ದು ಹೋಗಬಾರದು, ಫೋನ್ ನೋಡಬಾರದು, ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ. ಮೊದಲ ದಿನ ನಾಲ್ಕೇ ನಿಮಿಷಕ್ಕೆ ಎದ್ದೆ. ವಾರದಲ್ಲಿ ಹತ್ತು ನಿಮಿಷವಾಯಿತು, ತಿಂಗಳಲ್ಲಿ ಅರ್ಧ ಗಂಟೆ, ಆಮೇಲೆ ರಾತ್ರಿ. ಧರೆಗೆ ಕಲ್ಲಿನ ಗೋಡೆ ಕಟ್ಟಿಸಿದ್ದೆ, ಮೇಲಿನ ನೀರು ಹೋಗಲು ಕಾಲುವೆ ತೆಗೆಸಿದ್ದೆ, ಹಾಗಾಗಿ ಕೂತಿದ್ದು ಕಣ್ಣುಮುಚ್ಚಿದ ಧೈರ್ಯದಿಂದಲ್ಲ. ಸ್ವರ ಬಂದು ಶಾಕ್ ಬಾರದೆ ಹೋದಾಗ ಇಲಿ ಕಲಿತದ್ದನ್ನೇ ನಾನು ಕಲಿಯುತ್ತಿದ್ದೆ ಎಂಬುದು ಆಗ ಗೊತ್ತಿರಲಿಲ್ಲ. ಈಗಲೂ ಆಗಸ್ಟಿನ ದೊಡ್ಡ ಮಳೆಗೆ ಎಚ್ಚರವಾಗುತ್ತದೆ. ಒಂದು ಸಲ ಟಾರ್ಚ್ ಹಾಕಿ ಧರೆ ನೋಡುತ್ತೇನೆ, ಬಂದು ಮಲಗುತ್ತೇನೆ, ನಿದ್ದೆ ಬರುತ್ತದೆ.

ಅಣ್ಣನ ಮಗ ಎಲ್ಲ ಕೇಳಿಸಿಕೊಂಡು, "ನಂಗೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ ಚಿಕ್ಕಪ್ಪ, ಆಮೇಲೆ ಬೆಳಗಿನ ತನಕ ನಿದ್ದೆ ಇಲ್ಲ. ಮನೇಲಿ ಹೇಳಿಲ್ಲ" ಅಂದ. ಅವನು ಬೋರ್ಡೋ ಹೊಡೆಯುವ ಕಡೆ ಬಂದು ನಿಂತದ್ದು ಗಾಂಜಾದ ವಿಷಯ ಕೇಳಲಿಕ್ಕಲ್ಲ ಎಂದು ಆಗ ತಿಳಿಯಿತು. ಒಂದು ನಂಬರು ಬರೆದುಕೊಟ್ಟೆ. ನಿಮಗೂ ಬರೆಯುತ್ತಿದ್ದೇನೆ. 14416. ಟೆಲಿ-ಮಾನಸ್ ಎಂಬ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು, ಇದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹಗಲು ರಾತ್ರಿ ಯಾವ ಹೊತ್ತಿಗಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕೂರುವವರು ಯಾರಾದರೂ ಇದ್ದರೆ, ಈ ಪುಟವನ್ನು ಅವರ ಕೈಗೆ ಕೊಡಿ, ಫೋನ್ ಮಾಡುವಾಗ ಪಕ್ಕದಲ್ಲಿ ಕೂತಿರಿ.